ವರ್ಷಗಳ ಬಳಿಕ ಬಂದ ಸಮನ್ಸ್: ಗಾಂಜಾ ಪ್ರಕರಣ ತಡವಾಗಿ ಎದುರಾದಾಗ ಏನು ಮಾಡಬೇಕು

ಆಟಿ ತಿಂಗಳ ಒಂದು ಮಧ್ಯಾಹ್ನ ಕಾಪುವಿನ ಅಕ್ಕನ ಮನೆಗೆ ಪೊಲೀಸರು ಬಂದರು. ಮಗನ ಪಾಸ್‌ಪೋರ್ಟ್ ವಿಚಾರಣೆಗೆ ಬಂದಿರಬೇಕೆಂದು ಅಕ್ಕ ಬೆಲ್ಲ, ನೀರು ಕೊಟ್ಟು ಕೂರಿಸಿದ್ದಳು. ಅವರ ಕೈಯಲ್ಲಿದ್ದದ್ದು ಮಂಗಳೂರಿನ ನ್ಯಾಯಾಲಯದ ಸಮನ್ಸ್. ಎರಡು ವರ್ಷಗಳ ಹಿಂದೆ ಮಗ ದೇರಳಕಟ್ಟೆ ಕಡೆ ಓದುತ್ತಿದ್ದಾಗ ಒಂದು ರಾತ್ರಿ ಸ್ನೇಹಿತನ ಬೈಕಿನ ಬಳಿ ನಿಂತಿದ್ದವನ ಕಿಸೆಯಲ್ಲಿ ಹದಿನಾಲ್ಕು ಗ್ರಾಂ ಗಾಂಜಾ ಸಿಕ್ಕಿತ್ತು. ಠಾಣೆಯಲ್ಲಿ ಒಂದೆರಡು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬೆಳಿಗ್ಗೆ ಕಳುಹಿಸಿದ್ದರು. ಕೇಸ್ ಆಗಿಲ್ಲವೆಂದು ಅವನು ನಂಬಿದ್ದ. ಮನೆಯಲ್ಲಿ ಹೇಳಿರಲಿಲ್ಲ. ದುಬೈಯ ಕೆಲಸಕ್ಕೆ ಹೊರಡಲು ಮೂರು ವಾರ ಬಾಕಿಯಿತ್ತು.

ಕರಾವಳಿಯ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತಿದೆ. ಆ ಪ್ರಕರಣದ ಉದ್ದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದವನಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ಆದರೆ ವಕೀಲರ ಮುಂದೆ ಕುಳಿತಾಗ ಯಾವ ಪ್ರಶ್ನೆ ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು ಎಂಬುದನ್ನು ತಡವಾಗಿ ಕಲಿತೆ. ನೀವು ಬೇಗ ಕಲಿಯಲಿ ಎಂಬುದೇ ಆಸೆ.

ಮೊದಲು: ಬಂದ ಕಾಗದ ಯಾವುದೆಂದು ಗುರುತಿಸಿ

ಮೂರು ಬಗೆಯ ಕಾಗದಗಳು ಬರಬಹುದು. ಪೊಲೀಸರಿಂದ ಬರುವುದು ವಿಚಾರಣೆಗೆ ಹಾಜರಾಗುವ ನೋಟಿಸ್. ಇದು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 41ಎ ಆಗಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3). ತನಿಖೆ ಇನ್ನೂ ನಡೆಯುತ್ತಿದೆ ಎಂಬುದು ಅದರ ಅರ್ಥ. ನ್ಯಾಯಾಲಯದಿಂದ ಸಮನ್ಸ್ ಬಂದರೆ ಚಾರ್ಜ್‌ಶೀಟ್, ಅಂದರೆ ದೋಷಾರೋಪ ಪಟ್ಟಿ, ಸಲ್ಲಿಕೆಯಾಗಿದೆ. ವಾರಂಟ್ ಬಂದರೆ ಹಿಂದಿನ ಸಮನ್ಸ್‌ಗಳು ನಿಮಗೆ ಮುಟ್ಟದೆ, ಗೈರುಹಾಜರಿ ದಾಖಲಾಗಿದೆ. ಪಿಜಿಯ ವಿಳಾಸ ಕೊಟ್ಟು ಆಮೇಲೆ ಊರಿಗೆ ಮರಳಿದ ವಿದ್ಯಾರ್ಥಿಗಳಿಗೆ ಆಗುವುದು ಈ ಮೂರನೆಯದು.

ಕಾಗದದಲ್ಲಿರುವ ಅಪರಾಧ ಸಂಖ್ಯೆ, ಠಾಣೆಯ ಹೆಸರು, ನ್ಯಾಯಾಲಯ ಪ್ರಕರಣಕ್ಕೆ ಕೊಟ್ಟ ಸಿ.ಸಿ. ಸಂಖ್ಯೆ, ನ್ಯಾಯಾಲಯದ ಹೆಸರು, ಕಲಂಗಳು ಮತ್ತು ವಾಯಿದೆಯ, ಅಂದರೆ ಹಾಜರಾಗಬೇಕಾದ, ದಿನವನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಎಫ್‌ಐಆರ್ ಸಂಖ್ಯೆಯಿಂದಲೂ ಹೆಸರಿನಿಂದಲೂ ಹುಡುಕಬಹುದು. ಪ್ರತಿ ಪ್ರಕರಣಕ್ಕೂ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಸಿಕ್ಕಿದರೆ ಪ್ರತಿ ವಾಯಿದೆಯಲ್ಲಿ ಏನಾಯಿತೆಂದು ಮನೆಯಿಂದಲೇ ನೋಡಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಹೇಳಿದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕು. ಅಲ್ಲಿಯೂ ಹುಡುಕಿ.

ಈ ಹುಡುಕಾಟಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಮಗನ ಮೇಲೆ ಡ್ರಗ್ಸ್ ಕೇಸ್ ಇದೆ ಎಂದು ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ಕೀಳುವವರಿದ್ದಾರೆ. ಯಾವ ನ್ಯಾಯಾಲಯವೂ ಯಾವ ಠಾಣೆಯೂ ವಿಡಿಯೊ ಕರೆಯಲ್ಲಿ ಹಣ ಕೇಳುವುದಿಲ್ಲ. ಅಂಥ ಕರೆ ಬಂದರೆ 1930ಕ್ಕೆ ದೂರು ಕೊಡಿ. ನಿಜವಾದ ಪ್ರಕರಣಕ್ಕೆ ಸಂಖ್ಯೆ ಇರುತ್ತದೆ, ಠಾಣೆಯಲ್ಲಿ ಕಡತ ಇರುತ್ತದೆ.

ತೂಕವನ್ನು ನೋಡಿ, ಆಮೇಲೆ ಹೆದರಿ

ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಬಹುಪಾಲು ನಿರ್ಧಾರವಾಗುವುದು ತಕ್ಕಡಿಯಲ್ಲಿ. ಗಾಂಜಾ ಒಂದು ಕಿಲೋಗಿಂತ ಕಡಿಮೆ ಇದ್ದರೆ ‘ಸಣ್ಣ ಪ್ರಮಾಣ’, ಇಪ್ಪತ್ತು ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’, ನಡುವಿನದ್ದು ಮಧ್ಯಮ. ಚರಸ್ ಅಥವಾ ಹಶೀಶ್ ಆದರೆ ಈ ಗಡಿಗಳು 100 ಗ್ರಾಂ ಮತ್ತು ಒಂದು ಕಿಲೋ.

ಗಾಂಜಾ ಇಟ್ಟುಕೊಂಡ ಆರೋಪಕ್ಕೆ ಸೆಕ್ಷನ್ 20(ಬಿ) ಅನ್ವಯವಾಗುತ್ತದೆ. ಸಣ್ಣ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಧ್ಯಮಕ್ಕೆ ಹತ್ತು ವರ್ಷಗಳವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ ಹತ್ತು ವರ್ಷ. ಸೇವನೆಯ ಆರೋಪ ಬೇರೆ, ಅದು ಸೆಕ್ಷನ್ 27(ಬಿ): ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮೂತ್ರ ಪರೀಕ್ಷೆಯಲ್ಲಿ ಪಾಸಿಟಿವ್ ಬಂತೆಂದು ದಾಖಲಾಗುವ ಪ್ರಕರಣಗಳು ಈ ಸೆಕ್ಷನ್‌ನವು.

ಹೈಡ್ರೋ ಗಾಂಜಾ ಎಂದು ಕರೆದರೂ ಕಾನೂನಿಗೆ ಹೆಸರು ಮುಖ್ಯವಲ್ಲ. ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳಾದರೆ ಅದು ಗಾಂಜಾ. ತುದಿಗಳಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಜೊತೆಯಲ್ಲಿ ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತು ಸಿಕ್ಕಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ಅದರ ಸಣ್ಣ ಪ್ರಮಾಣದ ಗಡಿ ಅರ್ಧ ಗ್ರಾಂ, ವಾಣಿಜ್ಯದ್ದು ಹತ್ತು ಗ್ರಾಂ. ಮುಂದೆ ಹೇಳುವುದೆಲ್ಲ ಸಣ್ಣ ಪ್ರಮಾಣದ ಗಾಂಜಾ ಪ್ರಕರಣಕ್ಕೆ. ದೊಡ್ಡ ಪ್ರಮಾಣವಾದರೆ ಇದನ್ನು ಓದುತ್ತ ಕೂರದೆ ಇಂದೇ ಅನುಭವಿ ಕ್ರಿಮಿನಲ್ ವಕೀಲರ ಬಳಿಗೆ ಹೋಗಿ. ವಾಣಿಜ್ಯ ಪ್ರಮಾಣದಲ್ಲಿ ಸೆಕ್ಷನ್ 37ರಿಂದಾಗಿ ಜಾಮೀನು ಸಿಗುವುದೇ ಕಷ್ಟ.

ವಕೀಲರು

ಸಂಬಂಧಿಕರ ಜಾಗದ ವ್ಯಾಜ್ಯ ನೋಡುವ ವಕೀಲರಿಗೇ ಇದನ್ನೂ ಕೊಡುವ ರೂಢಿ ನಮ್ಮಲ್ಲಿದೆ. ಬೇಡ. ಎನ್‌ಡಿಪಿಎಸ್ ಪ್ರಕರಣ ನಡೆಸಿದ ಅನುಭವ ಇರುವವರೇ ಬೇಕು. ಹಣದ ತೊಂದರೆ ಇದ್ದರೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ, ಅಲ್ಲಿ ಅರ್ಜಿ ಕೊಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಸಹಾಯವಾಣಿ 15100.

ವಕೀಲರನ್ನು ಕಾಣುವ ಮೊದಲು ಮಾಡಬಾರದ ಎರಡು ಕೆಲಸಗಳಿವೆ. ಮೊಬೈಲಿನ ಚಾಟ್ ಅಳಿಸಬೇಡಿ. ಅದು ಸಾಕ್ಷ್ಯ ನಾಶವೆಂಬ ಹೊಸ ಆರೋಪಕ್ಕೆ ದಾರಿ. ಅಂದು ಜೊತೆಗಿದ್ದ ಗೆಳೆಯರಿಗೂ ಮಹಜರಿಗೆ ಸಹಿ ಹಾಕಿದವರಿಗೂ ಕರೆ ಮಾಡಿ ‘ಹೀಗೆ ಹೇಳು’ ಎನ್ನಬೇಡಿ. ಆ ರಾತ್ರಿ ನಡೆದದ್ದನ್ನು ಮಾತ್ರ ನೆನಪಿರುವಾಗಲೇ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ಕೊಡಿ: ಗಂಟೆ, ಸ್ಥಳ, ಎಷ್ಟು ಜನ ಪೊಲೀಸರಿದ್ದರು, ಯಾರು ಹುಡುಕಿದರು, ಎಲ್ಲಿ ತೂಗಿದರು, ಯಾವ ಕಾಗದಕ್ಕೆ ಸಹಿ ಹಾಕಿದಿರಿ. ವರ್ಷಗಳು ಕಳೆದಷ್ಟೂ ಈ ಹಾಳೆಯ ಬೆಲೆ ಹೆಚ್ಚು.

ವಿಳಂಬದ ಲೆಕ್ಕ

‘ಇಷ್ಟು ತಡವಾಗಿದೆ, ಕೇಸ್ ತಾನಾಗಿಯೇ ಬಿದ್ದುಹೋಗುತ್ತದೆ’ ಎಂದು ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ವಿಳಂಬದಿಂದ ಪ್ರಕರಣ ತಾನಾಗಿ ಬೀಳುವುದಿಲ್ಲ. ಅದು ಒಂದು ವಾದ, ಅದನ್ನು ಅರ್ಜಿ ಹಾಕಿ ಎತ್ತಬೇಕು. ಎತ್ತುವ ಮುನ್ನ ನಾಲ್ಕು ತಾರೀಕುಗಳು ಬೇಕು: ವಸ್ತು ಸಿಕ್ಕಿದ ದಿನ, ಎಫ್‌ಐಆರ್ ದಿನ, ಬಂಧನದ ದಿನ, ಚಾರ್ಜ್‌ಶೀಟ್ ಸಲ್ಲಿಸಿದ ದಿನ.

ಒಂದನೆಯದು ಕಾಲಮಿತಿ. ಒಂದು ವರ್ಷದವರೆಗಿನ ಸಜೆಯ ಅಪರಾಧಕ್ಕೆ ನ್ಯಾಯಾಲಯವನ್ನು ಒಂದು ವರ್ಷದೊಳಗೆ ಮುಟ್ಟಬೇಕೆಂಬ ನಿಯಮ ಹಳೆಯ ಸಂಹಿತೆಯ 468ರಲ್ಲಿ ಇತ್ತು, ಹೊಸ ಸಂಹಿತೆಯ 514ರಲ್ಲಿ ಇದೆ. ಸಣ್ಣ ಪ್ರಮಾಣದ ಗಾಂಜಾವೂ ಸೇವನೆಯ ಆರೋಪವೂ ಈ ಒಂದು ವರ್ಷದ ಪಂಕ್ತಿಯಲ್ಲೇ ಬರುತ್ತವೆ. ಇದನ್ನು ಓದಿದ ಯಾರಿಗಾದರೂ ಗೆದ್ದೆ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಎಣಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದರಲ್ಲಿ ತೊಡಕಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 514ರ ವಿವರಣೆಯ ಪ್ರಕಾರ ಲೆಕ್ಕಕ್ಕೆ ಬರುವುದು ಠಾಣೆಯಲ್ಲಿ ಮಾಹಿತಿ ದಾಖಲಾದ ದಿನ, ಅಂದರೆ ಎಫ್‌ಐಆರ್ ದಿನ. ವಸ್ತು ಸಿಕ್ಕಿದ ರಾತ್ರಿಯೇ ಎಫ್‌ಐಆರ್ ಆಗಿದ್ದರೆ ಚಾರ್ಜ್‌ಶೀಟ್ ಎಷ್ಟು ತಡವಾದರೂ ಈ ವಾದ ನಿಲ್ಲುವುದು ಕಷ್ಟ. ಹಳೆಯ ಸಂಹಿತೆಯ ಕಾಲದ ಪ್ರಕರಣವಾದರೆ, 2013ರ ನವೆಂಬರ್‌ನಲ್ಲಿ ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿದ್ದನ್ನು ನೋಡಬೇಕು. ನ್ಯಾಯಾಧೀಶರು ಪ್ರಕರಣವನ್ನು ಗಣನೆಗೆ ತೆಗೆದುಕೊಂಡ ದಿನ ಲೆಕ್ಕಕ್ಕಿಲ್ಲ, ದೂರು ಸಲ್ಲಿಸಿದ ಅಥವಾ ಅಭಿಯೋಜನೆ (ಆರೋಪಿಯ ವಿರುದ್ಧದ ಮೊಕದ್ದಮೆ) ಆರಂಭಿಸಿದ ದಿನ ಮುಖ್ಯ ಎಂದಿತು ಆ ಪೀಠ. ಇದರ ಮೇಲೆ, ತಡವಾದುದಕ್ಕೆ ಸರಿಯಾದ ಕಾರಣ ಕೊಟ್ಟರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಆದ್ದರಿಂದ ಅಂದು ಪರೀಕ್ಷೆ ಮಾಡಿ ಕಳುಹಿಸಿ, ವರ್ಷ ಕಳೆದ ಬಳಿಕ ಎಫ್‌ಐಆರ್ ದಾಖಲಿಸಿದ್ದರೆ ಈ ವಾದಕ್ಕೆ ಬಲ ಹೆಚ್ಚು.

ಎರಡನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ ಆರು ತಿಂಗಳ ನಿಯಮ. ಎರಡು ವರ್ಷದವರೆಗಿನ ಸಜೆಯ ಪ್ರಕರಣಗಳನ್ನು ಸಮನ್ಸ್ ಪ್ರಕರಣ ಎನ್ನುತ್ತಾರೆ. ಅಂಥ ಪ್ರಕರಣದಲ್ಲಿ ಬಂಧನದ ದಿನದಿಂದ ಆರು ತಿಂಗಳೊಳಗೆ ತನಿಖೆ ಮುಗಿಯದಿದ್ದರೆ ಮ್ಯಾಜಿಸ್ಟ್ರೇಟರು ಮುಂದಿನ ತನಿಖೆಯನ್ನು ನಿಲ್ಲಿಸಬೇಕು. ವಿಶೇಷ ಕಾರಣವಿದೆ ಎಂದು ತನಿಖಾಧಿಕಾರಿ ಮನವರಿಕೆ ಮಾಡಿಕೊಟ್ಟರೆ ಮಾತ್ರ ಮುಂದುವರಿಸಬಹುದು. ಹಳೆಯ 167(5), ಹೊಸ 187(9). ಅನುಮತಿ ಕೇಳದೆಯೇ ತನಿಖೆ ಮುಂದುವರಿದಿತ್ತೇ ಎಂದು ವಕೀಲರಿಂದ ಕಡತ ನೋಡಿಸಿ. ನೆನಪಿಡಿ, ಎಣಿಕೆ ಆರಂಭವಾಗುವುದು ಬಂಧನದಿಂದ. ಬರೀ ನೋಟಿಸ್ ಕೊಟ್ಟು ಕಳುಹಿಸಿದ್ದರೆ ಈ ನಿಯಮದ ಆಸರೆ ಸಿಗುವುದು ಕಷ್ಟ. ಅಂದಿನ ಕಾಗದಗಳಲ್ಲಿ ದಸ್ತಗಿರಿ ಮಹಜರು ಇದೆಯೇ ಎಂದು ನೋಡುವುದು ಅದಕ್ಕಾಗಿ.

ಮೂರನೆಯದು ಸಂವಿಧಾನದ 21ನೇ ವಿಧಿಯಿಂದ ಬರುವ ಶೀಘ್ರ ವಿಚಾರಣೆಯ ಹಕ್ಕು. ಇಷ್ಟು ವರ್ಷವಾದರೆ ಪ್ರಕರಣ ರದ್ದು ಎಂಬ ಗೆರೆ ಎಳೆಯಲಾಗದು ಎಂದು ಏಳು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ ಹೇಳಿತು. ಅಪರಾಧ ಎಷ್ಟು ಗಂಭೀರ, ತಡಕ್ಕೆ ಯಾರು ಕಾರಣ, ಆರೋಪಿಗೆ ಆದ ನಷ್ಟವೇನು ಎಂಬುದನ್ನೆಲ್ಲ ತೂಗುತ್ತಾರೆ. ನೀವೇ ವಾಯಿದೆ ತಪ್ಪಿಸಿಕೊಂಡಿದ್ದರೆ ಈ ತಕ್ಕಡಿ ನಿಮ್ಮ ವಿರುದ್ಧ ವಾಲುತ್ತದೆ. ಪ್ರಕರಣ ರದ್ದತಿಗೆ ಹೈಕೋರ್ಟಿನಲ್ಲಿ ಅರ್ಜಿ ಹಾಕುವುದು ಹೊಸ ಸಂಹಿತೆಯ 528ರ ಅಡಿ. ದಕ್ಷಿಣ ಕನ್ನಡ, ಉಡುಪಿಯವರು ಇದಕ್ಕೆ ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗಬೇಕು. ಖರ್ಚಿನ ದಾರಿ, ಆದರೆ ತಾರೀಕುಗಳು ಗಟ್ಟಿಯಾಗಿದ್ದರೆ ಯೋಚಿಸಲೇಬೇಕಾದ ದಾರಿ.

ಘಟನೆಯ ದಿನ ನಿಮ್ಮ ಮಗನಿಗೋ ಮಗಳಿಗೋ ಹದಿನೆಂಟು ತುಂಬಿರಲಿಲ್ಲವೇ? ಈಗ ಇಪ್ಪತ್ತೊಂದಾದರೂ ಪ್ರಕರಣ ಬಾಲನ್ಯಾಯ ಮಂಡಳಿಗೆ ಸೇರಿದ್ದು. ಲೆಕ್ಕಕ್ಕೆ ಬರುವುದು ಘಟನೆಯ ದಿನದ ವಯಸ್ಸು. ಮೂರು ವರ್ಷದವರೆಗಿನ ಸಜೆಯ ಸಣ್ಣ ಅಪರಾಧದ ವಿಚಾರಣೆ ಮಂಡಳಿಯಲ್ಲಿ ನಾಲ್ಕು ತಿಂಗಳು, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯದಿದ್ದರೆ ಅಲ್ಲಿಗೇ ಕೊನೆಗೊಳ್ಳುತ್ತದೆ ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೊದಲ ದಿನವೇ ವಕೀಲರ ಕೈಗೆ ಕೊಡಿ.

ಮೊದಲ ವಾಯಿದೆ

ಹೋಗಲೇಬೇಕು. ಜ್ವರ ಬಂದಿದ್ದರೂ ವಕೀಲರ ಮೂಲಕ ಅರ್ಜಿ ಸಲ್ಲಿಸದೆ ತಪ್ಪಿಸಬಾರದು. ವಾರಂಟ್ ಆಗಿದ್ದರೆ ಪೊಲೀಸರು ಬರುವವರೆಗೆ ಕಾಯದೆ, ತಾವಾಗಿ ಹಾಜರಾಗಿ ವಾರಂಟ್ ಹಿಂಪಡೆಯಲು ಅರ್ಜಿ ಹಾಕುವುದು ಮೇಲು. ಜಾಮೀನುದಾರರು ಆಧಾರ್ ಮತ್ತು ಜಾಗದ ಆರ್‌ಟಿಸಿ ಹಿಡಿದು ಬರಬೇಕಾಗಬಹುದು. ಕುಟುಂಬದ ಜಾಗ ಇನ್ನೂ ಅಜ್ಜನ ಹೆಸರಿನಲ್ಲಿರುವ ಮನೆಗಳು ಇಲ್ಲಿ ಎಷ್ಟೋ ಇವೆ, ಆದ್ದರಿಂದ ಆರ್‌ಟಿಸಿ ಯಾರ ಹೆಸರಿನಲ್ಲಿದೆ ಎಂದು ಹಿಂದಿನ ವಾರವೇ ನೋಡಿಕೊಳ್ಳಿ. ಈಗಿನ ವಿಳಾಸವನ್ನು ನ್ಯಾಯಾಲಯಕ್ಕೆ ಬರೆದು ಕೊಡಿ. ಬೇರೆ ಊರಿನಲ್ಲಿ ಕೆಲಸವಿದ್ದರೆ ಖುದ್ದು ಹಾಜರಾತಿಯಿಂದ ವಿನಾಯಿತಿ ಕೇಳಲು ಅವಕಾಶವಿದೆ.

ಚಾರ್ಜ್‌ಶೀಟನ್ನು ಸಾಲುಸಾಲಾಗಿ ಓದಿ

ಹಾಜರಾದ ದಿನದಿಂದ ಹದಿನಾಲ್ಕು ದಿನಗಳೊಳಗೆ ಚಾರ್ಜ್‌ಶೀಟ್ ಮತ್ತು ಅದರ ದಾಖಲೆಗಳ ಪ್ರತಿ ಉಚಿತವಾಗಿ ಸಿಗಬೇಕು (ಹೊಸ ಸಂಹಿತೆಯ 230). ನಾವು ಅದನ್ನು ಅಕ್ಕನ ಮನೆಯ ಚಾವಡಿಯಲ್ಲಿ ಹರಡಿಕೊಂಡು ಎರಡು ರಾತ್ರಿ ಓದಿದೆವು. ವಕೀಲರ ಕಣ್ಣಿಗೆ ಬೀಳದ ಒಂದು ಸಂಗತಿ ನಮ್ಮ ಕಣ್ಣಿಗೆ ಬಿತ್ತು, ಏಕೆಂದರೆ ಆ ರಾತ್ರಿ ಅಲ್ಲಿದ್ದವನು ನಮ್ಮ ಹುಡುಗ, ವಕೀಲರಲ್ಲ.

ಮೈ ಹುಡುಕಿದ್ದರೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಹುಡುಕಿಸಿಕೊಳ್ಳುವ ಹಕ್ಕಿದೆ ಎಂದು ಮೊದಲೇ ತಿಳಿಸಿದ್ದರೇ ನೋಡಿ. ಇದು ಎನ್‌ಡಿಪಿಎಸ್ ಕಾಯ್ದೆಯ ಸೆಕ್ಷನ್ 50. ಹೀಗೆ ತಿಳಿಸುವುದು ಕಡ್ಡಾಯವೆಂದು 2010ರಲ್ಲಿ ವಿಜಯಸಿನ್ಹ್ ಜಡೇಜಾ ಪ್ರಕರಣದ ಸಂವಿಧಾನ ಪೀಠ ಹೇಳಿದೆ. ಆದರೆ ಬ್ಯಾಗಿನಲ್ಲೋ ಸ್ಕೂಟರಿನ ಡಿಕ್ಕಿಯಲ್ಲೋ ಸಿಕ್ಕಿದ್ದರೆ ಈ ರಕ್ಷಣೆ ಇಲ್ಲ. 2024ರ ಜುಲೈ 1ರಿಂದ ಈಚಿನ ಘಟನೆಯಾದರೆ ಶೋಧ ಮತ್ತು ಜಪ್ತಿಯ ವಿಡಿಯೊ ಇರಬೇಕು, ಅದರ ಪ್ರತಿ ಕೇಳಿ.

ಆಮೇಲೆ ಮಾದರಿಯ ಪ್ರಯಾಣ. ಮ್ಯಾಜಿಸ್ಟ್ರೇಟರ ಎದುರು ಮಾದರಿ ತೆಗೆಯುವ ಕ್ರಮ ಸೆಕ್ಷನ್ 52ಎಯಲ್ಲಿದೆ, 2016ರ ಮೋಹನ್‌ಲಾಲ್ ತೀರ್ಪು ಅದನ್ನು ಒತ್ತಿ ಹೇಳಿದೆ. ಮಹಜರಿನಲ್ಲಿ ಬರೆದ ತೂಕ, ಠಾಣೆಯ ಆಸ್ತಿ ಪಟ್ಟಿಯ ತೂಕ, ವಿಧಿವಿಜ್ಞಾನ ಪ್ರಯೋಗಾಲಯದ ವರದಿಯ ತೂಕ, ಸೀಲಿನ ಗುರುತು, ತಲುಪಿದ ತಾರೀಕು ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ? ವರ್ಷಗಟ್ಟಲೆ ತಡವಾದ ಪ್ರಕರಣದಲ್ಲಿ ಆ ಪೊಟ್ಟಣ ಅಷ್ಟು ದಿನ ಎಲ್ಲಿತ್ತು, ಯಾರ ವಶದಲ್ಲಿತ್ತು ಎಂಬುದೇ ದೊಡ್ಡ ಪ್ರಶ್ನೆ. ನಮ್ಮ ಪ್ರಕರಣದಲ್ಲಿ ಮಹಜರಿನ ಸೀಲಿನ ಗುರುತೂ ವರದಿಯ ಸೀಲಿನ ಗುರುತೂ ಬೇರೆಯಾಗಿದ್ದವು.

ಬೇರೊಬ್ಬ ಆರೋಪಿ ನಿಮ್ಮ ಹೆಸರು ಹೇಳಿದ ಎಂಬುದಷ್ಟೇ ಆಧಾರವಾಗಿದ್ದರೆ ವಕೀಲರಿಗೆ ಅದನ್ನು ಗುರುತು ಹಾಕಿ ತೋರಿಸಿ. ಎನ್‌ಡಿಪಿಎಸ್ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂದು 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ.

ಆರೋಪಕ್ಕೆ ಹುರುಳೇ ಇಲ್ಲದಿದ್ದರೆ ಸಮನ್ಸ್ ಪ್ರಕರಣದಲ್ಲೂ ಆರೋಪ ತಿಳಿಸುವ ಹಂತದಲ್ಲೇ ಬಿಡುಗಡೆ ಮಾಡಲು ಹೊಸ ಸಂಹಿತೆಯ 274 ಅವಕಾಶ ಕೊಟ್ಟಿದೆ. ಹಳೆಯ ಸಂಹಿತೆಯಲ್ಲಿ ಇದು ಇರಲಿಲ್ಲ.

‘ದಂಡ ಕಟ್ಟಿ ಮುಗಿಸಿ’

ಈ ಮಾತನ್ನು ನ್ಯಾಯಾಲಯದ ಆವರಣದಲ್ಲಿ ಕೇಳಿಯೇ ಕೇಳುತ್ತೀರಿ. ತಪ್ಪೊಪ್ಪಿಕೊಂಡರೆ ಕೆಲವು ಸಾವಿರ ದಂಡ, ಮಧ್ಯಾಹ್ನದೊಳಗೆ ಮನೆ. ದಯವಿಟ್ಟು ಒಂದು ದಿನ ತಡೆದು ಯೋಚಿಸಿ. ದಂಡ ಕಟ್ಟುವುದೆಂದರೆ ಮಾದಕ ವಸ್ತು ಪ್ರಕರಣದಲ್ಲಿ ಶಿಕ್ಷೆಯಾದವನಾಗುವುದು. ಸರ್ಕಾರಿ ಕೆಲಸದ ಅರ್ಜಿ, ವೀಸಾ ಅರ್ಜಿ, ಪೊಲೀಸ್ ಕ್ಲಿಯರೆನ್ಸ್ ಎಲ್ಲದರಲ್ಲೂ ‘ಶಿಕ್ಷೆಯಾಗಿದೆಯೇ’ ಎಂಬ ಸಾಲಿಗೆ ಹೌದು ಎಂದು ಬರೆಯಬೇಕು. ಮುಂದೆ ಮತ್ತೊಂದು ಪ್ರಕರಣವಾದರೆ ಸೆಕ್ಷನ್ 31ರ ಪ್ರಕಾರ ಶಿಕ್ಷೆ ಒಂದೂವರೆ ಪಟ್ಟಿನವರೆಗೆ ಏರಬಹುದು. ಸೇವನೆಯ ಪ್ರಕರಣದಲ್ಲಿ ಪ್ರೊಬೇಷನ್, ಅಂದರೆ ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ, ಕೇಳಬಹುದು. ಗಾಂಜಾ ಇಟ್ಟುಕೊಂಡ ಪ್ರಕರಣದಲ್ಲಿ ಹದಿನೆಂಟು ದಾಟಿದವರಿಗೆ ಸೆಕ್ಷನ್ 33 ಆ ಬಾಗಿಲನ್ನೂ ಮುಚ್ಚಿದೆ. ತಿಳಿದು, ತೂಗಿ, ತಪ್ಪೊಪ್ಪಿಕೊಳ್ಳುವುದು ಬೇರೆ. ಬಸ್ಸಿಗೆ ಹೊತ್ತಾಯಿತೆಂದು ಒಪ್ಪಿಕೊಳ್ಳುವುದು ಬೇರೆ.

ಚಟ ನಿಜವಾಗಿದ್ದರೆ

ಇದನ್ನು ಮನೆಯವರು ಕೂತು ಮಗುವಿನೊಡನೆ ಮಾತನಾಡಬೇಕು, ಬೈಯದೆ. ಸೆಕ್ಷನ್ 64ಎ ಅಪರೂಪದ ಅವಕಾಶ ಕೊಡುತ್ತದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪಡೆದರೆ ಅಭಿಯೋಜನೆಯಿಂದ ವಿನಾಯಿತಿ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂಪಡೆಯಬಹುದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಯಾವ ಕೇಂದ್ರಕ್ಕೆ ಮಾನ್ಯತೆ ಇದೆ ಎಂದು ಕೇಳಿಯೇ ಸೇರಿಸಿ. ದಾಖಲಾದ ಚೀಟಿಯಿಂದ ಬಿಡುಗಡೆ ಸಾರಾಂಶದವರೆಗೆ ಎಲ್ಲವನ್ನೂ ಇಟ್ಟುಕೊಳ್ಳಿ. ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಚಟವೇ ಇಲ್ಲದವನನ್ನು ಪ್ರಮಾಣಪತ್ರಕ್ಕಾಗಿ ಸೇರಿಸುವುದು ತಪ್ಪು, ನ್ಯಾಯಾಲಯದ ಮುಂದೆ ನಿಲ್ಲುವುದೂ ಇಲ್ಲ.

ಗಲ್ಫಿಗೆ ಹೊರಟವರಿಗೆ

ಬಜಪೆಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಾರಂಟಿನ ಸುದ್ದಿ ತಿಳಿಯುವಂತಾಗಬಾರದು. ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶ ಕೊಡುವ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಅಡ್ಡ ಬರುವುದಿಲ್ಲ, ನ್ಯಾಯಾಲಯ ಪ್ರಕರಣವನ್ನು ಗಣನೆಗೆ ತೆಗೆದುಕೊಂಡ ಬಳಿಕ ಬರುತ್ತದೆ. ಆಗಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1993ರ ಆಗಸ್ಟ್ 25ರ ಅಧಿಸೂಚನೆಯಂತೆ ವಿಚಾರಣಾ ನ್ಯಾಯಾಲಯದ ಅನುಮತಿ ಪಡೆದರೆ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ ಮಾತ್ರ. ಅರ್ಜಿಯಲ್ಲಿ ಎಷ್ಟು ವರ್ಷ ಬೇಕೆಂದು ಸ್ಪಷ್ಟವಾಗಿ ಬರೆಸಿ, ಉದ್ಯೋಗದ ಕರಾರುಪತ್ರ ಲಗತ್ತಿಸಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಪ್ರಕರಣವನ್ನು ಮುಚ್ಚಿಡುವುದು ಮಾತ್ರ ಬೇಡ, ಅದು ಬೇರೆಯೇ ಅಪರಾಧ.

ನಮ್ಮ ಹುಡುಗ ಆ ಬಾರಿ ದುಬೈಗೆ ಹೋಗಲಿಲ್ಲ. ದಂಡ ಕಟ್ಟಲೂ ಒಪ್ಪಲಿಲ್ಲ. ಹನ್ನೊಂದು ವಾಯಿದೆಗಳ ಬಳಿಕ, ಆ ಸೀಲಿನ ವ್ಯತ್ಯಾಸವನ್ನು ಪೊಲೀಸರಿಗೆ ವಿವರಿಸಲಾಗದೆ ಪ್ರಕರಣ ಖುಲಾಸೆಯಾಯಿತು. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ ಎಂದು ವಕೀಲರ ಗುಮಾಸ್ತರು ಹೇಳಿದರು, ಮೂರು ಪ್ರತಿ ತೆಗೆದುಕೊಂಡೆವು. ಒಂದನ್ನು ಪೊಲೀಸ್ ಕ್ಲಿಯರೆನ್ಸ್ ಅರ್ಜಿಯ ಜೊತೆ ಕೊಟ್ಟೆವು, ಇನ್ನೊಂದು ಅವನ ಪಾಸ್‌ಪೋರ್ಟ್ ಕವರಿನಲ್ಲಿದೆ. ಮೂರನೆಯದನ್ನು ಅಕ್ಕ ಕಪಾಟಿನಲ್ಲಿ ಜಾಗದ ಪತ್ರಗಳ ಜೊತೆ ಇಟ್ಟಿದ್ದಾಳೆ.